ನೀಲಿ ಹಾಕದ ಬಿಳಿ ಬಟ್ಟೆ

ಚೆನ್ನಯ ನೆಲ ನೋಡಿಕೊಂಡೇ ನಡೆಯುತ್ತಿದ್ದ. ಸಯನ್ ಸ್ಟೇಷನ್ನಿನ ಸೇತುವೆಯ ನೂಕುನುಗ್ಗಲಿನಲ್ಲೂ ತಲೆ ತಗ್ಗಿಸಿ, ತುಸು ಎಡಕ್ಕೆ ವಾಲಿ, ಸ್ವಂತ ನೆರಳಿನ ಉದ್ದ ಅಳೆಯುತ್ತ ಸಾಗುವ ಅವನನ್ನು ಕಂಡವರು, ಪಾಪ, ಏನೋ ಕಳೆದುಕೊಂಡಿದ್ದಾನೆ ಎಂದುಕೊಳ್ಳುತ್ತಿದ್ದರು. ಅವನು ಸಿನಿಮಾ ಛಾಯಾಗ್ರಾಹಕ. ಬಣ್ಣದ ಫಿಲ್ಮು ಮುಂಬಯಿಗೆ ಆಗತಾನೆ ಬಂದಿದ್ದ ಕಾಲ ಅದು. ಆ ಫಿಲ್ಮಿನ ಕಣ ಬಹು ನಯ, ಆದರೆ ಬೆಳಕಿನ ಹಸಿವು ವಿಪರೀತ. ಕಪ್ಪು-ಬಿಳುಪಿನದು ನೆರಳಿನಲ್ಲೂ ಕಣ್ಣು ಬಿಡುತ್ತಿತ್ತು, ಇದಕ್ಕೆ ಸುಡುಬಿಸಿಲೇ ಬೇಕು, ಅದೂ ನಡುಹಗಲಿನ ಬಿಳಿ ಬಿಸಿಲು. ಸಂಜೆಯ ಬಿಸಿಲಿಗೆ ಮುಖಗಳೆಲ್ಲ ಇಟ್ಟಿಗೆಯಾಗುತ್ತಿದ್ದವು. ಹಾಗಾಗಿ ನೆರಳು ಆಳಿಗಿಂತ ಎರಡು ಪಾಲು ಉದ್ದವಾಯಿತೋ, ಚೆನ್ನಯ ಕ್ಯಾಮೆರಾಕ್ಕೆ ಕರಿಬಟ್ಟೆ ಹೊದಿಸಿಬಿಡುತ್ತಿದ್ದ.

ಅವನ ಖಾಕಿ ಕೋಟಿನ ಒಂದು ಜೇಬಿನಲ್ಲಿ ಬೆಳಕಿನ ಮೀಟರು, ಇನ್ನೊಂದರಲ್ಲಿ ಮಡಿಸಿದ ಬಿಳಿ ಬಟ್ಟೆ. ಪ್ರತಿ ರೋಲಿನ ಮೊದಲ ನಾಲ್ಕಡಿಯಲ್ಲಿ ಆ ಬಟ್ಟೆಯ ಮೇಲೆ ತನ್ನ ಎಡಗೈ ಇಟ್ಟು ಚಿತ್ರ ತೆಗೆಯುತ್ತಿದ್ದ. ಫಿಲ್ಮು ತೊಳೆಯುವವರು ಕಡಲಾಚೆ ಇದ್ದರು. ಬಿಳುಪು ಯಾವುದು, ನಮ್ಮವರ ಮೈಬಣ್ಣ ಯಾವುದು ಎಂಬುದು ಅವರಿಗೆ ತಿಳಿಯಲಿ ಎಂದು. ಹೆಂಡತಿ ಸೇವಂತಿ ಒಮ್ಮೆ ಅದನ್ನು ನೀಲಿ ಹಾಕಿ ಒಗೆದಾಗ, ಎಂದೂ ದನಿ ಎತ್ತದ ಮನುಷ್ಯ ಚಾಳಿನ ಎಲ್ಲ ಮನೆಗಳಿಗೂ ಕೇಳುವಂತೆ ಕೂಗಿದ್ದ: "ಇದು ಸುಳ್ಳು ಬಿಳಿ ಮಾರಾಯ್ತಿ! ಅಲ್ಲಿನವರು ಇದನ್ನು ನಂಬಿದರೆ ನಾಯಕಿಗೆ ಕಾಮಾಲೆ ಬಂದ ಹಾಗೆ ಕಾಣ್ತದೆ!"

ವಡಾಲದ ಉಪ್ಪಿನ ಗದ್ದೆಗಳಲ್ಲಿ ಒಂದು ಚಿತ್ರದ ಕಡೆಯ ದಿನ. ನಾಯಕಿ ಮರುದಿನದಿಂದ ಬೇರೆ ಕಂಪನಿಗೆ. ಎರಡು ದೃಶ್ಯ ಉಳಿದಿದ್ದವು. ಚೆನ್ನಯ ತನ್ನ ನೆರಳು ನೋಡಿದ, ಕ್ಯಾಮೆರಾಕ್ಕೆ ಕರಿಬಟ್ಟೆ ಹೊದಿಸಿದ.

"ಯಾಕೋ, ಸೂರ್ಯ ನಿನ್ನ ಮಾವನೇನೋ?" ನಿರ್ಮಾಪಕ ಸೇಠ್ ತನ್ನ ಹಿಂದಿಯಲ್ಲಿ ಕೆಣಕಿದ.

"ಮಾವನಾಗಿದ್ದರೆ ಕಾಫಿ ಕೊಟ್ಟು ಕೂರಿಸುತ್ತಿದ್ದೆ ಸೇಠ್. ಇವನು ಯಾರಿಗೂ ನಿಲ್ಲುವವನಲ್ಲ."

ಎಲ್ಲರೂ ನಕ್ಕರು, ಸೇಠ್ ನಗಲಿಲ್ಲ. ಚೆನ್ನಯ ಸ್ಟೇಷನ್ನಿನತ್ತ ನಡೆದ ಮೇಲೆ ಸಹಾಯಕನ ಕೈಯಲ್ಲಿ ಆ ಎರಡೂ ದೃಶ್ಯ ತೆಗೆಸಿದ.

ಎರಡು ತಿಂಗಳಿಗೆ ಪ್ರಿಂಟು ಬಂತು. ಉಪ್ಪೆಲ್ಲ ಕುಂಕುಮ, ನಾಯಕಿ ಇಟ್ಟಿಗೆ. "ಆ ಮದ್ರಾಸಿ ನನ್ನ ಚಿತ್ರ ಕೆಡಿಸಿದ" ಎಂದು ಸೇಠ್ ದಾದರಿನಿಂದ ಅಂಧೇರಿಯವರೆಗೆ ಸಾರಿದ. ಒಂದೊಂದೇ ಸ್ಟುಡಿಯೊ ಚೆನ್ನಯನಿಗೆ ಬಾಗಿಲು ಮುಚ್ಚಿತು.

ನಾನು ಅದೇ ಕಂಪನಿಯ ಎಡಿಟಿಂಗ್ ಕೋಣೆಯಲ್ಲಿದ್ದೆ. ಚೆನ್ನಯ ತೆಗೆದ ಪ್ರತಿ ರೋಲಿನ ತಲೆಯಲ್ಲೂ ಅವನ ಕೈ ಇತ್ತು. ಕೆಂಪಾದ ರೋಲಿನಲ್ಲಿ ಕೈ ಇರಲಿಲ್ಲ. ಎರಡರ ತುಂಡನ್ನೂ ಸೇಠನ ಮೇಜಿನ ಮೇಲಿಟ್ಟೆ. ಅವನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದ. ಅರ್ಥವಾಯಿತು ಅವನಿಗೆ, ನಾನು ಬಲ್ಲೆ.

"ಇದು ಕತ್ತರಿಸಿ ಎಸೆಯೋ ಭಾಗ ತಾನೆ? ಎಸೆ."

ಎಸೆದೆ. ನೌಕರಿಯ ಭಯಕ್ಕೆ ಎಸೆದೆ. ಚೆನ್ನಯನ ಮುಂದೆ ಒಪ್ಪಿಕೊಂಡಾಗ ಅವನು ನನ್ನ ನೆರಳನ್ನೇ ನೋಡುತ್ತ ಹೇಳಿದ: "ಹೋಗಲಿ ಬಿಡು ಮಾರಾಯ. ನೀನಾದರೂ ನೋಡಿದ್ದಿ ಅಲ್ವಾ." ಕಪಾಳಕ್ಕೆ ನಾಲ್ಕು ಬಾರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಮೇಲಿನ ನಾಲ್ಕು ವರ್ಷ ಅವನು ಮುಲುಂಡಿನ ಫೋಟೋ ಅಂಗಡಿಯೊಂದರಲ್ಲಿ ಅಂಗೈಗಿಂತ ಸಣ್ಣ ಕಪ್ಪು-ಬಿಳುಪು ಮುಖಗಳನ್ನು ತೆಗೆದ. ಹೋದ ತಿಂಗಳು ತೀರಿಕೊಂಡ. ಶೋಕಸಭೆಗೆ ಸೇಠ್ ಬಂದ, ಹಾರ ಹಾಕಿದ, ಚೆನ್ನಯ ಬೆಳಕಿನ ತಪಸ್ವಿಯಾಗಿದ್ದ ಎಂದ. ತಪಸ್ವಿಯಂತೆ! ಬದುಕಿದ್ದಾಗ ಒಂದೇ ವಾಕ್ಯ ಸಾಕಾಗಿತ್ತು: ತಪ್ಪು ಅವನದಲ್ಲ. ಅದನ್ನು ನುಂಗಿಕೊಂಡ ನಾಲಿಗೆಗೆ ಫೋಟೋದ ಮುಂದೆ ಸಂಸ್ಕೃತ ಬಂತು.

ಸಭೆ ಮುಗಿದ ಮೇಲೆ ಸೇವಂತಿ ಆ ಬಟ್ಟೆಯನ್ನು ನನ್ನ ಕೈಗಿತ್ತಳು. "ನೀಲಿ ಹಾಕ್ಲಿಲ್ಲ ಅಣ್ಣ. ಅವತ್ತಿಂದ ಒಂದು ಸಲವೂ ಹಾಕ್ಲಿಲ್ಲ."

ತಾವು ಕಾಣದ ಊರಿನಲ್ಲಿ ಯಾರೂ ಮೋಸ ಹೋಗಬಾರದೆಂದು ಮೊದಲು ತಮ್ಮ ಕೈ ತೋರಿಸಿ ಕೆಲಸಕ್ಕೆ ತೊಡಗುವವರು ಪ್ರತಿ ಕಸುಬಿನಲ್ಲೂ ಇರುತ್ತಾರೆ. ತೆರೆಗೆ ಬರುವ ಮುನ್ನ ಆ ಕೈಯನ್ನು ತೆಗೆದುಹಾಕುವ ಕತ್ತರಿಯೂ ಇರುತ್ತದೆ. ಹೇಳುವವರು ಸೇಠರು, ಕತ್ತರಿ ಹಿಡಿಯುವವರು ಬಹುಪಾಲು ನನ್ನಂಥ ಸ್ನೇಹಿತರು.