ಎಣ್ಣೆಗಿಂತ ಮುಂಚೆ ಬಂದ ಚಿಗುರು

ನಮ್ಮ ಉತ್ತರದ ಹಿಮದೂರಿನಲ್ಲಿ ನಾನೂ ಆನಾಳೂ ಸೀಲ್ ಎಂಬ ಕಡಲಪ್ರಾಣಿಯ ಕೊಬ್ಬು ಹೆಚ್ಚುತ್ತಿದ್ದೆವು. ಬೆರಳಗಲದ ಪಟ್ಟಿಗಳನ್ನು ಬಕೆಟ್ಟಿಗೆ ಹಾಕಿ ತಂಪಿನಲ್ಲಿಟ್ಟರೆ ಕೆಲವು ದಿನಗಳಲ್ಲಿ ಅದು ತಾನಾಗಿ ಕರಗಿ ತಿಳಿ ಎಣ್ಣೆಯಾಗುತ್ತದೆ. ಅದರಲ್ಲಿ ವಿಲೋ ಪೊದೆಯ ಚಿಗುರು ಅದ್ದಿಟ್ಟರೆ ಅದೇ ನಮ್ಮ ಚಳಿಗಾಲದ ಸೊಪ್ಪು.

ಆನಾ ಎಂದರೆ ನನ್ನ ಅಜ್ಜಿ. ಬಾಯಲ್ಲಿ ಉಳಿದಿರುವುದು ನಾಲ್ಕೇ ಹಲ್ಲು. ಒಣಮೀನು ಕುಟ್ಟಿ, ಆ ಸೊಪ್ಪಿನ ಜೊತೆ ನುಂಗುತ್ತಾಳೆ. ಹೋದ ವರ್ಷ ನಾವು ಕಿತ್ತ ಎಲೆ ಬಲಿತು ಕಹಿಯಾಗಿತ್ತು, ನಾಯಿಗಳೂ ಮೂಸಲಿಲ್ಲ. ಚಳಿಗಾಲವಿಡೀ ಆನಾ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿಂದಳು. ಮಂಜು ಕರಗುವ ಹೊತ್ತಿಗೆ ವಸಡಿನಲ್ಲಿ ರಕ್ತ ಬರುತ್ತಿತ್ತು.

ಈ ಸಲ ವಿಮಾನ ಇಳಿಯುವ ಪಟ್ಟಿಯ ಹಿಂದಿನ ಪೊದೆಗಳು ಆಗಲೇ ಎಲೆ ಬಿಚ್ಚಿದ್ದನ್ನು ನಾನು ಸೌದೆಗೆ ಹೋದಾಗ ನೋಡಿದ್ದೆ. ಹೇಳಿರಲಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟವಳು ನಾನು. ಎಪ್ಪತ್ತು ಬೇಸಿಗೆ ಎಲೆ ಕಿತ್ತವಳಿಗೆ ಏನೆಂದು ಹೇಳಲಿ?

ಅಷ್ಟರಲ್ಲಿ ಊರ ಚಿಕಿತ್ಸಾಲಯದ ಆರೋಗ್ಯ ಕಾರ್ಯಕರ್ತೆ ವಿಲ್ಮಾ ಬಂದಳು.

"ಬಾಯಿ ತೆಗೀರಿ ಆನಾ."

"ನಾಲ್ಕು ಹಲ್ಲು ಎಣಿಸೋಕೆ ಇಷ್ಟು ದೊಡ್ಡ ಬ್ಯಾಟರಿ ಬೇಕೇನೇ?"

"ಹಲ್ಲಲ್ಲ, ವಸಡು ನೋಡ್ಬೇಕು. ಸೊಪ್ಪಿಲ್ದೆ ಹೋದ್ರೆ ಹೀಗೂ ಆಗುತ್ತೆ. ಈ ಸಲ ಚಿಗುರು ಕಿತ್ರಾ?"

"ಎಣ್ಣೆಯೇ ಆಗಿಲ್ವಲ್ಲ! ಮೊದಲು ಎಣ್ಣೆ, ಆಮೇಲೆ ಎಲೆ. ನಮ್ಮಮ್ಮ ಮಾಡಿದ್ದು ಹಾಗೇ, ನಾನು ಮಾಡೋದೂ ಹಾಗೇ."

ಆನಾಳ ಬಾಯಿಂದ ವಿಲ್ಮಾ ತೆಗೆದ ಹತ್ತಿ ಕೆಂಪಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಆನಾ, ವಿಮಾನದ ಪಟ್ಟಿ ಹಿಂದೆ ಎಲೆ ಬಿಟ್ಟಾಗಿದೆ. ನಾನು ಸೋಮವಾರಾನೇ ನೋಡ್ದೆ."

"ಇವತ್ತು ಶುಕ್ರವಾರ! ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ಯಾ?"

ವಿಲ್ಮಾ ನನ್ನ ಪರ ನಿಂತಳು.

"ಅವಳನ್ನ ಬೈಬೇಡಿ. ಹಿಮ ಬೇಗ ಕರಗಿದ್ರೆ ಗಿಡ ಬೇಗ ಏಳುತ್ತೆ. ಅದು ನಿಮ್ಮ ಎಣ್ಣೆ ಬಕೆಟ್ ಇಣುಕಿ ನೋಡಲ್ಲ."

"ಒಂದು ವರ್ಷ ಬೇಗ, ಒಂದು ವರ್ಷ ತಡ. ಅದು ಯಾವಾಗ್ಲೂ ಇದ್ದಿದ್ದೇ."

"ಹೌದು, ಈಗ್ಲೂ ತಡವಾಗೋ ವರ್ಷ ಬರುತ್ತೆ. ಆದ್ರೆ ಭೂಮಿ ಬಿಸಿಯಾಗ್ತಿದೆ, ಬೇಗ ಬರೋ ವರ್ಷಗಳೇ ಜಾಸ್ತಿ ಆಗ್ತಿವೆ. ಮುಂಚೆ ಎಣ್ಣೆ, ಎಲೆ ಎರಡೂ ಜೊತೆಗೇ ಬರ್ತಿದ್ವು. ಈಗ ಆ ಜೊತೆ ತಪ್ತಾ ಇದೆ. ಅದಕ್ಕೇ ಗಿಡಾನೇ ಹೋಗಿ ನೋಡ್ಬೇಕು."

ಆನಾ ಕತ್ತಿ ಕೆಳಗಿಟ್ಟಳು. "ಹಾಗಾದ್ರೆ ಆ ಎಲೆ ಬಲಿತೇ ಹೋಗಿರುತ್ತೆ, ಈ ಚಳಿಗಾಲಕ್ಕೂ ಬಿಸ್ಕತ್ತೇ ಗತಿ ಅನ್ನು."

"ಗುಡ್ಡದ ಉತ್ತರಕ್ಕೆ ತಗ್ಗಿನಲ್ಲಿ ಹೋದ ವಾರದವರೆಗೂ ಹಿಮ ಇತ್ತು," ಎಂದೆ. "ಅಲ್ಲಿ ಇನ್ನೂ ಎಳೇದಿರಬಹುದು."

ಆನಾ ನನ್ನನ್ನೇ ನೋಡಿದಳು. "ಎಣ್ಣೆ?"

"ಎಲೆ ತೊಳೆದು, ಆರಿಸಿ, ಫ್ರೀಜರ್‌ನಲ್ಲಿಡಿ," ಎಂದಳು ವಿಲ್ಮಾ. "ಎಣ್ಣೆ ತಿಳಿಯಾದ್ಮೇಲೆ ಹಾಕಿದ್ರಾಯ್ತು. ಆಗ್ಲೂ ತಣ್ಣಗೇ ಇರ್ಲಿ."

"ಫ್ರೀಜರ್‌ನಲ್ಲಿಟ್ಟ ಸೊಪ್ಪಂತೆ! ನಮ್ಮಮ್ಮ ಕೇಳಿದ್ರೆ ಓಡಿಸ್ಕೊಂಡು ಬರ್ತಿದ್ಲು," ಎಂದು ಗೊಣಗುತ್ತಲೇ ಆನಾ ಬೂಟು ಹುಡುಕಿದಳು.

ಗುಡ್ಡದಾಚೆ ಪೊದೆಗಳು ಮೊಣಕಾಲೆತ್ತರಕ್ಕೂ ಇರಲಿಲ್ಲ. ಇಳಿಜಾರಿನ ಬುಡದಲ್ಲಿ ಎಲೆ ಬಲಿತಿತ್ತು. ಹಿಮ ತಡವಾಗಿ ಕರಗಿದ ತಗ್ಗಿನಲ್ಲಿ ಎಲೆಗಳು ಇಲಿಯ ಕಿವಿಯಷ್ಟೇ ಇದ್ದವು. ಆನಾ ಒಂದನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು.

"ಕೀಳು," ಎಂದಳು.

ಒಂದು ಬಕೆಟ್ ತುಂಬಿತು. ಮೊದಲಾದರೆ ಮೂರು ಆಗುತ್ತಿತ್ತು. ಆದರೂ ಆಕೆಯೊಬ್ಬಳಿಗೆ ಸಾಲುತ್ತದೆ.

ಮನೆಗೆ ಬಂದವಳೇ ಆನಾ ಊರೆಲ್ಲ ಕೇಳುವ ವೈರ್‌ಲೆಸ್ಸನ್ನು ನನ್ನ ಕೈಗಿಟ್ಟಳು. "ನೋಡಿದವಳು ನೀನು. ನೀನೇ ಹೇಳು."

ಎಲೆ ಎಲ್ಲಿ ಬಲಿತಿದೆ, ಎಲ್ಲಿ ಎಳೆಯದಿದೆ ಎಂದು ಹೇಳಿದೆ. ಸೋಮವಾರದ ತಾರೀಕನ್ನೂ ಹೇಳಿದೆ. ವಿಲ್ಮಾ ಅದನ್ನು ಚಿಕಿತ್ಸಾಲಯದ ಗೋಡೆಯ ಹಾಳೆಯಲ್ಲಿ ಬರೆದಿದ್ದಾಳೆ. ಬೇರೆಯವರು ಕಂಡ ದಿನ ಬರೆಯಲು ಮುಂದಿನ ಸಾಲುಗಳು ಖಾಲಿ ಇವೆ.

ಓದುವವರೇ, ಅಭ್ಯಾಸವನ್ನೇ ನಂಬಿ ಕೂರಬೇಡಿ, ಹೋಗಿ ಗಿಡ ನೋಡಿ. ಕಂಡದ್ದನ್ನು ಕಂಡ ದಿನವೇ ಹೇಳಿ, ಕೇಳುವವರು ನಿಮಗಿಂತ ಹಿರಿಯರಾದರೂ ಸರಿ. ವೈರ್‌ಲೆಸ್‌ನಲ್ಲಿ ನಾನು ಕೊನೆಗೆ ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತೇನೆ: ನಿಮ್ಮ ಕಡೆ ಮೊದಲ ಎಲೆ ಯಾವತ್ತು ಬಿಚ್ಚಿತು? ನೋಡಿದವರು ದಯವಿಟ್ಟು ಹೇಳಿ.