ಭಾಮೈದನ ಗಾಳಿ ಜಾಕೆಟ್

ಬೀಳುವವನಿಗೆ ಸನ್ಮಾನ, ಬೀಳದವನಿಗೆ ಬರೀ ಒಳ್ಳೆಯ ಹೆಸರು ಎಂದಾದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಶಿಸ್ತಪ್ಪನಿಗೂ ಉರಿಯಿತು. ಸಣ್ಣಗೆ ಅಲ್ಲ, ಧಗಧಗನೆ.

ಶಿಸ್ತಪ್ಪ ಎನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಜೊತೆಯವರು ಇಟ್ಟದ್ದು. ಊರಿನ ಸಣ್ಣಪುಟ್ಟ ಕ್ಲಿನಿಕ್ಕುಗಳಲ್ಲಿ ತೆಗೆದ ರಕ್ತದ ಶೀಸೆಗಳನ್ನು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು, ಬೈಕಿನ ಹಿಂದೆ ಬಿಗಿದುಕೊಂಡು, ಕೆಡುವುದರೊಳಗೆ ಲ್ಯಾಬಿಗೆ ಮುಟ್ಟಿಸುವುದು ಅವನ ಕೆಲಸ. ಹಳದಿ ದೀಪ ಕಂಡರೆ ಸಾಕು, ಹಿಂದಿನವರು ಎಷ್ಟೇ ಹಾರ್ನ್ ಹೊಡೆದರೂ ನಿಂತುಬಿಡುತ್ತಿದ್ದ. ಖಾಲಿ ರಸ್ತೆಯಲ್ಲೂ ಇಂಡಿಕೇಟರ್ ಹಾಕುತ್ತಿದ್ದ. ಈ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆಯೂ ಬಿದ್ದವನಲ್ಲ, ಒಂದು ಶೀಸೆ ಒಡೆದವನಲ್ಲ. ಆ ಮಾತನ್ನು ಬೇರೆಯವರು ಹೇಳಲಿ ಎಂದು ಕಾಯುತ್ತಿದ್ದ. ಯಾರೂ ಹೇಳದಿದ್ದರೆ ತಾನೇ ಹೇಳಿಕೊಳ್ಳುತ್ತಿದ್ದ.

ಅದೇ ಲ್ಯಾಬಿನಲ್ಲಿ ಅದೇ ಕೆಲಸ ಮಾಡುತ್ತಿದ್ದವನು ಅವನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಕೆಲಸ ಕೊಡಿಸಿದ್ದು ಶಿಸ್ತಪ್ಪನೇ. ಹೆಂಡತಿ ಬೆನ್ನು ಬಿಡದೆ ಕಾಡಿದ್ದಳು. ಹುಡುಗ ಗಾಡಿ ಓಡಿಸುವುದರಲ್ಲಿ ಹೇಗೋ ಏನೋ, ಬೀಳುವುದರಲ್ಲಿ ಮಾತ್ರ ಎತ್ತಿದ ಕೈ. ಒಮ್ಮೆ ನಾಯಿ ಅಡ್ಡ ಬಂತು ಎಂದು ಬಿದ್ದ, ಇನ್ನೊಮ್ಮೆ ನಾಯಿ ಬರಬಹುದು ಎಂದು ಬಿದ್ದ. ಮೊಣಕೈಗೆ ಪಟ್ಟಿ ಸುತ್ತಿಕೊಂಡು ಬಂದರೆ ಲ್ಯಾಬಿನ ಹುಡುಗಿಯರೆಲ್ಲ ಅಯ್ಯೋ ಪಾಪ ಎಂದು ಸುತ್ತ ನೆರೆಯುತ್ತಿದ್ದರು. ಅವನೂ ನಗುನಗುತ್ತಾ ಬಿದ್ದ ಕಥೆ ಹೇಳುತ್ತಿದ್ದ. ಬೀಳದವನಿಗೆ ಹೇಳಲು ಕಥೆಯೇ ಇರಲಿಲ್ಲ.

ಹೀಗಿರುವಾಗ ಲ್ಯಾಬಿನ ಒಡತಿ, ಎಲ್ಲರೂ ಮೇಡಂ ಎನ್ನುವವರು, ಒಂದು ಏರ್‌ಬ್ಯಾಗ್ ಜಾಕೆಟ್ ತರಿಸಿದರು. ಒಬ್ಬರು ಹಾಕಿ ನೋಡಲಿ, ಚೆನ್ನಾಗಿದ್ದರೆ ಎಲ್ಲರಿಗೂ ತರಿಸೋಣ ಎಂದು ಸವಾರರನ್ನೆಲ್ಲ ಅಂಗಳದಲ್ಲಿ ಸೇರಿಸಿ ತೋರಿಸಿದರು. ನೋಡಲು ತೋಳಿಲ್ಲದ ಕಪ್ಪು ಕೋಟು. ಎದೆಯ ಹತ್ತಿರ ಹೆಬ್ಬೆರಳು ಗಾತ್ರದ ಗ್ಯಾಸ್ ಸಿಲಿಂಡರ್. ಅಲ್ಲಿಂದ ಒಂದು ಸುರುಳಿ ಹುರಿ ಇಳಿಬಿದ್ದಿದೆ, ಅದರ ತುದಿಗೆ ಕೊಕ್ಕೆ. ಆ ಕೊಕ್ಕೆಯನ್ನು ಬೈಕಿನ ಸೀಟಿನಡಿ ಕೂರಿಸಿದ ಕಬ್ಬಿಣದ ಬಳೆಗೆ ಸಿಕ್ಕಿಸಬೇಕು. ಸವಾರ ಗಾಡಿಯಿಂದ ಎಸೆಯಲ್ಪಟ್ಟರೆ ಹುರಿ ಜಗ್ಗುತ್ತದೆ, ಒಳಗಿನ ಸೂಜಿ ಸಿಲಿಂಡರನ್ನು ಚುಚ್ಚುತ್ತದೆ, ಕುತ್ತಿಗೆ, ಎದೆ, ಬೆನ್ನು, ಸೊಂಟದ ಸುತ್ತ ಗಾಳಿ ತುಂಬಿಕೊಳ್ಳುತ್ತದೆ. ಮೈ ನೆಲ ಮುಟ್ಟುವ ಮೊದಲೇ ಇದೆಲ್ಲ ಮುಗಿದಿರುತ್ತದೆ. ಕೈಕಾಲಿಗೆ ಇದರಿಂದ ಏನೂ ಉಪಯೋಗವಿಲ್ಲ, ಆದರೆ ಕುತ್ತಿಗೆ, ಬೆನ್ನುಮೂಳೆ, ಪಕ್ಕೆಲುಬು ಉಳಿದರೆ ಮನುಷ್ಯ ಉಳಿದ ಹಾಗೆ ಎಂದರು ಮೇಡಂ.

ಜಾಕೆಟ್ ತನಗೇ ಎಂದು ಶಿಸ್ತಪ್ಪ ಅದಾಗಲೇ ಅಂಗಿಯ ಕಾಲರ್ ಸರಿಮಾಡಿಕೊಂಡಿದ್ದ. ಸೇವೆಯಲ್ಲಿ ಹಿರಿಯ ಅವನೇ. ಮೇಡಂ ಅವನ ಮುಂದೆಯೇ ಹಾದು ಹೋಗಿ ಭಾಮೈದನ ಹೆಗಲಿಗೆ ಅದನ್ನು ತೊಡಿಸಿದರು.

"ನಿಮಗ್ಯಾಕೆ ಇದು? ನೀವು ಬೀಳೋದೇ ಇಲ್ವಲ್ಲ" ಎಂದು ಶಿಸ್ತಪ್ಪನತ್ತ ನಕ್ಕರು.

ಹೊಗಳಿಕೆಯೇ ಸರಿ. ಆದರೆ ಅಂಥ ಹೊಗಳಿಕೆಗಿಂತ ಎರಡು ಬೈಗುಳ ವಾಸಿ ಎನ್ನಿಸಿತು ಅವನಿಗೆ. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಾಡಿ ಓಡಿಸಿದ್ದಕ್ಕೆ ಇದೇ ಬಹುಮಾನವಾ ಎಂದು ಒಳಗೊಳಗೇ ಕುದಿದ.

ಲ್ಯಾಬಿನಲ್ಲಿ ಆದದ್ದು ಸಾಲದು ಎಂಬಂತೆ ಮನೆಯಲ್ಲೂ ಅದೇ ಆಯಿತು. ಭಾಮೈದ ಇದ್ದದ್ದು ಅವರ ಮನೆಯ ಮಹಡಿ ಕೋಣೆಯಲ್ಲಿ, ಊಟ ಅಕ್ಕನ ಅಡುಗೆಮನೆಯಲ್ಲಿ. ಅಂದು ಸಂಜೆ ಅವನು ಜಾಕೆಟ್ ತೊಟ್ಟೇ ಊಟಕ್ಕೆ ಬಂದ. ಅಕ್ಕ ಅದನ್ನು ಮುಟ್ಟಿ ನೋಡಿದ್ದೇ ನೋಡಿದ್ದು. ಬಾಗಿಲ ಹಿಂದಿನ ಗೂಟದಲ್ಲಿ ಗಂಡನ ಮಳೆಕೋಟು ತೂಗುತ್ತಿತ್ತು. ಅದನ್ನು ತೆಗೆದು ಕುರ್ಚಿಯ ಮೇಲೆ ಎಸೆದು, ಆ ಗೂಟಕ್ಕೆ ತಮ್ಮನ ಜಾಕೆಟ್ ಹಾಕಿದಳು. ಆಮೇಲೆ ಮತ್ತೆ ಇಳಿಸಿ, ಕತ್ತಲಲ್ಲಿ ಲಾರಿಯವರಿಗೆ ಕಾಣಲಿ ಎಂದು ಅದರ ಬೆನ್ನಿನ ಮೇಲ್ಬಟ್ಟೆಗೆ ಹೊಳೆಯುವ ಪಟ್ಟಿಯೊಂದನ್ನು ಕೂತು ಹೊಲಿದಳು. ಶಿಸ್ತಪ್ಪನ ಮಳೆಕೋಟಿನ ಜಿಪ್ಪು ಕಿತ್ತುಹೋಗಿ ಎರಡು ಮಳೆಗಾಲ ಕಳೆದಿತ್ತು, ಅದಕ್ಕೆ ಅವಳ ಸೂಜಿ ಇನ್ನೂ ಬಿಡುವು ಮಾಡಿಕೊಂಡಿರಲಿಲ್ಲ.

ಅವನು ಮುಖ ಊದಿಸಿಕೊಂಡು ಕೂತಿದ್ದನ್ನು ಕಂಡು ಏನಾಯಿತೆಂದು ಅವಳೇ ಕೇಳಿದಳು. ಏನಿಲ್ಲ ಎಂದ. ನಾನು ಸತ್ತರೆ ಗೂಟವೊಂದು ಪೂರ್ತಿ ಖಾಲಿಯಾಗುತ್ತದೆ, ಆಗ ನಿನ್ನ ತಮ್ಮನ ಹೆಲ್ಮೆಟ್ಟನ್ನೂ ಹಾಕಬಹುದು ಎಂದ. ಅವಳು ದಾರವನ್ನು ಹಲ್ಲಿನಿಂದ ಕಡಿದು, ಹೊಟ್ಟೆಕಿಚ್ಚಿಗೆ ನನ್ನ ಹತ್ತಿರ ಮದ್ದಿಲ್ಲ ಎಂದು ಒಳಗೆ ಹೋದಳು.

ಆದರೆ ಶಿಸ್ತಪ್ಪನ ಕಾಲವೂ ಬಂತು. ಒಂದು ಬೆಳಿಗ್ಗೆ ಭಾಮೈದ ತಡವಾಯಿತೆಂದು ಲ್ಯಾಬಿನ ಅಂಗಳಕ್ಕೆ ಗಾಡಿ ನುಗ್ಗಿಸಿ, ಕೊಕ್ಕೆ ಬಿಡಿಸುವುದನ್ನು ಮರೆತು, ಗಾಡಿಯಿಂದ ಹಾರಿ ಓಡಿದ. ಢಂ! ಕುತ್ತಿಗೆಯಿಂದ ಸೊಂಟದವರೆಗೆ ಗಾಳಿ ತುಂಬಿಕೊಂಡು, ತಲೆ ತಿರುಗಿಸಲಾಗದೆ, ಕೈ ಎರಡೂ ಅಗಲವಾಗಿ ಎದ್ದು, ಬಾಗಿಲಲ್ಲಿ ನಿಂತುಬಿಟ್ಟ. ರಕ್ತ ಕೊಡಲು ಬಂದ ಅಜ್ಜಿಯೊಬ್ಬಳು ಕುರ್ಚಿಯಿಂದ ಎದ್ದೇ ಹೋದಳು. ನಕ್ಕವರಲ್ಲಿ ಶಿಸ್ತಪ್ಪ ಮೊದಲಿಗ. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಕ್ಕು ಸುಮ್ಮನಾಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಇಂಥ ತಪ್ಪು ಆ ಜಾಕೆಟ್ ಹಾಕುವ ಯಾರಿಗಾದರೂ ಆಗುತ್ತದೆ, ಹೊಸ ಸಿಲಿಂಡರ್ ಹಾಕಿದರೆ ಮತ್ತೆ ಮೊದಲಿನಂತೆ ಎಂದು ಮೇಡಂ ಸಮಾಧಾನ ಹೇಳಿ, ಹೊಸದನ್ನು ಹಾಕಿಸಿಯೂ ಕೊಟ್ಟರು. ಶಿಸ್ತಪ್ಪ ಬಿಡಬೇಕಲ್ಲ. ಹುಡುಗನಿಗೆ ಬಲೂನ್ ರಾಜ ಎಂದು ಹೆಸರಿಟ್ಟ. ಅವನು ಗಾಡಿಯಿಂದ ಇಳಿದಾಗಲೆಲ್ಲ ತಾನು ಕೆನ್ನೆ ಊದಿಸಿ, ಕೈ ಅಗಲಿಸಿ, ಬಾಯಲ್ಲೇ ಢಂ ಎನ್ನುತ್ತಿದ್ದ. ನೋಡನೋಡುತ್ತ ಲ್ಯಾಬಿನವರೆಲ್ಲ ಅದನ್ನು ಕಲಿತರು, ಕ್ಲಿನಿಕ್ಕಿನ ನರ್ಸುಗಳೂ ಕಲಿತರು. ಬಿದ್ದರೂ ನಗುತ್ತಿದ್ದ ಹುಡುಗ ಈಗ ನಗುವುದನ್ನು ಬಿಟ್ಟ.

ಮತ್ತೆ ಕೆಲವೇ ದಿನಗಳಲ್ಲಿ ಕೊಕ್ಕೆ ಸಿಕ್ಕಿಸುವುದನ್ನೂ ಬಿಟ್ಟ.

ಇದು ಶಿಸ್ತಪ್ಪನೊಬ್ಬನ ಕಣ್ಣಿಗೆ ಬಿತ್ತು, ಅದಕ್ಕೆ ಕಾರಣವಿದೆ. ಆ ಲ್ಯಾಬಿನ ಸವಾರರಲ್ಲಿ ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ಬಿಗಿಯುವುದು ವಾಡಿಕೆ. ಗಾಡಿ ಏರಿ ಕೂತವನಿಗೆ ಹಿಂದಿನ ಬೆಲ್ಟು ಎಟುಕುವುದಿಲ್ಲ, ಇಳಿದು ಬಿಗಿದು ಮತ್ತೆ ಹತ್ತಿದರೆ ಪೆಟ್ಟಿಗೆಗೆ ಕಾಲು ತಗಲುತ್ತದೆ. ಭಾಮೈದನ ಪೆಟ್ಟಿಗೆ ಬಿಗಿಯುವವನು ದಿನಾ ಶಿಸ್ತಪ್ಪನೇ. ಹಾಗೆ ಬಗ್ಗಿದಾಗ ಕಂಡಿತು: ಸೀಟಿನಡಿಯ ಬಳೆ ಖಾಲಿ. ಹುರಿಯನ್ನು ಯಾರಿಗೂ ಕಾಣದಂತೆ ಮಡಚಿ ಸೊಂಟದ ಬೆಲ್ಟಿನ ಸಂದಿಗೆ ತುರುಕಿಕೊಂಡಿದ್ದಾನೆ. ಅಂದರೆ ಆ ಜಾಕೆಟ್ ಈಗ ಬರೀ ಅಲಂಕಾರ.

ಹೇಳಬೇಕಿತ್ತು. ಹೇಳಲಿಲ್ಲ. ಬಾಯಿ ತೆರೆದರೆ ಹುಡುಗ ಕೊಕ್ಕೆ ಹಾಕಿಕೊಳ್ಳುತ್ತಾನೆ, ಜಾಕೆಟ್ ಮತ್ತೆ ಜಾಕೆಟ್ ಆಗುತ್ತದೆ. ಈಗಲೋ, ಅವನಿಗೂ ಇಲ್ಲ, ತನಗೂ ಇಲ್ಲ, ಲೆಕ್ಕ ಸಮ. ಬೆಳಿಗ್ಗೆ ಹೊರಡುವಾಗ ಅಕ್ಕ ಬಾಗಿಲಿಗೆ ಬಂದು ಕೊಕ್ಕೆ ಹಾಕ್ಕೊಂಡ್ಯಾ ಎಂದು ಕೇಳುತ್ತಿದ್ದಳು, ತಮ್ಮ ಹೂಂ ಎನ್ನುತ್ತಿದ್ದ. ಆ ಸುಳ್ಳನ್ನು ಪಕ್ಕದಲ್ಲೇ ನಿಂತು ಕೇಳುತ್ತಾ ಶಿಸ್ತಪ್ಪ ತುಟಿ ಪಿಟಕ್ಕೆನ್ನದೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಅವನಿಗೊಂದು ಗುಟ್ಟಿನ ಖುಷಿ ಇತ್ತು. ಅದು ಕೆಟ್ಟ ಖುಷಿ ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಭಾಮೈದ ಸೇತುವೆಯ ಆಚೆಗಿನ ಕ್ಲಿನಿಕ್ಕಿಗೆ ಹೋಗಬೇಕಾದ ದಿನ ಬಂತು. ಅಂದು ಮುಂಜಾನೆ ಶಿಸ್ತಪ್ಪ ಅದೇ ದಾರಿಯಲ್ಲಿ ಹೋಗಿ ಬಂದಿದ್ದ. ರಸ್ತೆ ಕೆಲಸದವರು ಸೇತುವೆ ಇಳಿಯುವ ತಿರುವಿನಲ್ಲಿ ಸಣ್ಣ ಜಲ್ಲಿ ಸುರಿದು ಹಾಗೆಯೇ ಬಿಟ್ಟುಹೋಗಿದ್ದರು. ಅವನ ಗಾಡಿಯ ಹಿಂದಿನ ಚಕ್ರವೇ ಒಂದು ಕ್ಷಣ ಪಕ್ಕಕ್ಕೆ ಸರಿದಿತ್ತು. ಎಂದೂ ಬೀಳದವನಿಗೇ ಹೀಗಾದರೆ ಸದಾ ಬೀಳುವವನ ಗತಿ ಏನು?

ಪೆಟ್ಟಿಗೆ ಬಿಗಿಯುತ್ತಾ ಅಷ್ಟನ್ನು ಹೇಳಿದ. "ಸೇತುವೆ ಇಳಿಯೋ ಕಡೆ ಜಲ್ಲಿ ಇದೆ. ನಿಧಾನ ಹೋಗೋ."

"ಬಲೂನ್ ಇದೆಯಲ್ಲ ಭಾವ" ಎಂದ ಹುಡುಗ, ತಿರುಗಿಯೂ ನೋಡದೆ. ಆ ದನಿಯಲ್ಲಿ ಸಿಟ್ಟಿತ್ತು.

ಶಿಸ್ತಪ್ಪ ಬಗ್ಗಿದ. ಬಳೆ ಖಾಲಿ, ಹುರಿಯ ತುದಿ ಬೆಲ್ಟಿನ ಸಂದಿಯಿಂದ ಇಣುಕುತ್ತಿತ್ತು. ಕೊಕ್ಕೆ ಹಾಕ್ಕೋ ಎನ್ನಲು ಬಾಯಿ ಬರಲಿಲ್ಲ. ಹಾಗೆ ಹೇಳಿದರೆ ಇಷ್ಟು ದಿನ ನೋಡಿಯೂ ಸುಮ್ಮನಿದ್ದೆ ಎಂದು ಒಪ್ಪಿಕೊಂಡಂತೆ. ಹುರಿಯನ್ನು ಮೆಲ್ಲಗೆ ಎಳೆದು ತಾನೇ ಬಳೆಗೆ ಸಿಕ್ಕಿಸಿದ. ಅದೇ ಹೊತ್ತಿಗೆ ಪೆಟ್ಟಿಗೆಯ ಬಕಲನ್ನೂ ಒತ್ತಿದ. ಎರಡು ಟಕ್ ಒಂದಾಗಿ ಕೇಳಿಸಿತು. ಅವನ ಅರ್ಧ ಮನಸ್ಸು ಹುಡುಗ ಉಳಿಯಲಿ ಎಂದಿತ್ತು. ಇನ್ನರ್ಧ, ಕೊಕ್ಕೆ ಇರುವುದು ತಿಳಿಯದೆ ಕ್ಲಿನಿಕ್ಕಿನ ಮುಂದೆ ಹಾರಿ ಇಳಿದು ಇನ್ನೊಮ್ಮೆ ಢಂ ಎನ್ನಲಿ, ನರ್ಸುಗಳೆಲ್ಲ ನೋಡಲಿ ಎಂದಿತ್ತು. ಕೈಯನ್ನು ನಡೆಸಿದ್ದು ಯಾವ ಅರ್ಧ ಎಂದು ಅವನಿಗೇ ಗೊತ್ತಿರಲಿಲ್ಲ.

ಮನಸ್ಸು ತಡೆಯದೆ ತಾನೂ ಹಿಂದೆಯೇ ಹೊರಟ. ಸೇತುವೆಯ ಮೇಲೆ ಹುಡುಗನ ಬೆನ್ನಿನ ಹೊಳೆಯುವ ಪಟ್ಟಿ ದೂರದಲ್ಲಿ ಕಾಣುತ್ತಿತ್ತು. ಇಳಿಜಾರಿನಲ್ಲಿ ವೇಗ ಹೆಚ್ಚಿತು. ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು, ಗಾಡಿ ಅಡ್ಡಬಿತ್ತು, ಸವಾರ ಮುಂದಕ್ಕೆ ಹಾರಿದ. ಹಾರಿದ್ದು ಕಾಣಿಸಿತು, ಢಂ ಎಂದದ್ದು ಕೇಳಿಸಿತು. ಕಪ್ಪು ಕೋಟು ಗಾಳಿಯಲ್ಲೇ ಉಬ್ಬಿಕೊಂಡಿತು. ಹುಡುಗ ಬೆನ್ನು ಮೊದಲಾಗಿ ಸೇತುವೆಯ ಕಾಂಕ್ರೀಟ್ ಕಟ್ಟೆಗೆ ಬಡಿದು, ಒಮ್ಮೆ ಪುಟಿದು, ಜಲ್ಲಿಯ ಮೇಲೆ ಉರುಳಿದ.

ಶಿಸ್ತಪ್ಪ ಗಾಡಿಯನ್ನು ಎಲ್ಲಿ ಬಿಟ್ಟನೋ ತಿಳಿಯದು. ಸ್ಟ್ಯಾಂಡ್ ಹಾಕಲಿಲ್ಲ, ಅದು ಬಿತ್ತು. ಅವನ ಗಾಡಿ ಬಿದ್ದದ್ದು ಅದೇ ಮೊದಲು. ಓಡಿಹೋಗಿ ಮಂಡಿಯೂರಿದ. ಹುಡುಗನ ಕುತ್ತಿಗೆಯ ಸುತ್ತ ಗಾಳಿಯ ದಪ್ಪ ಕಾಲರು ತಲೆ ಅಲುಗದಂತೆ ಹಿಡಿದುಕೊಂಡಿತ್ತು. ಕಣ್ಣು ತೆರೆದಿತ್ತು. ಎಡಗೈ ಮಾತ್ರ ಕೈ ಮಡಚಬಾರದ ಕಡೆ ಮಡಚಿಕೊಂಡಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್-ರೇ ಹಿಡಿದು ನೋಡಿ, ಕೈ ಮುರಿದಿದೆ, ಮಿಕ್ಕಿದ್ದೆಲ್ಲ ಸರಿಯಾಗಿದೆ ಎಂದರು. ಕಟ್ಟೆಗೆ ಬಡಿದ ರೀತಿಗೆ ಬರೀ ಅಂಗಿ ಇದ್ದಿದ್ದರೆ ಬೆನ್ನುಮೂಳೆಯ ಬಗ್ಗೆ ಮಾತೇ ಬೇರೆ ಆಗುತ್ತಿತ್ತು ಎಂದರು. ಅಕ್ಕನ ಕಣ್ಣು ಅತ್ತು ಅತ್ತು ಕೆಂಪಾಗಿತ್ತು. ಗಾಳಿ ಇಳಿದು ಮುದುಡಿದ್ದ ಜಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅವನು ದಿನಾ ಕೊಕ್ಕೆ ಹಾಕ್ಕೊಳ್ತಿದ್ದ, ಅದಕ್ಕೇ ಉಳ್ಕೊಂಡ" ಎಂದಳು ಗಂಡನಿಗೆ. "ನೀವು ಎಷ್ಟು ಆಡ್ಕೊಂಡ್ರಿ ಅವನನ್ನ."

ಶಿಸ್ತಪ್ಪನ ನಾಲಿಗೆಯ ತುದಿಗೆ ಮಾತು ಬಂತು. ಹಾಕಿದ್ದು ಅವನಲ್ಲ, ನಾನು. ಅದನ್ನು ಹೇಳಿದರೆ ಇಷ್ಟು ದಿನ ನೋಡಿಯೂ ಸುಮ್ಮನಿದ್ದದ್ದನ್ನೂ ಹೇಳಬೇಕಾಗುತ್ತಿತ್ತು. ನಾಚಿಕೆಗೇಡು ಎಂದರೆ, ಆ ಹೊತ್ತಿನಲ್ಲೂ ಅವಳು ಜಾಕೆಟ್ ನೇವರಿಸುತ್ತಿದ್ದುದನ್ನು ಕಂಡು ಅವನ ಹೊಟ್ಟೆಯೊಳಗೆ ಚುರುಕ್ ಎಂದಿತು.

ಅವಳು ಔಷಧಿ ತರಲು ಹೊರಗೆ ಹೋದಳು. ಹಾಸಿಗೆಯ ಮೇಲಿನವನು ಭಾವನ ಕಡೆ ತಿರುಗಿದ.

"ಭಾವ, ನಾನು ಕೊಕ್ಕೆ ಹಾಕಿರ್ಲಿಲ್ಲ" ಎಂದ.

"ಗೊತ್ತು."

"ಪೆಟ್ಟಿಗೆ ಬಿಗಿದಿದ್ದು ನೀವು."

"ಹೂಂ."

ಹುಡುಗ ಕಣ್ಣು ಮುಚ್ಚಿದ. ಕೃತಜ್ಞತೆಯ ಮಾತು ಬರುತ್ತದೆ ಎಂದು ಶಿಸ್ತಪ್ಪ ಕಾದ. ಇಷ್ಟು ವರ್ಷಕ್ಕೆ ಒಂದು ಸನ್ಮಾನ, ಯಾರೂ ಇಲ್ಲದ ಕೋಣೆಯಲ್ಲಾದರೂ ಸರಿ. ಬಂದದ್ದು ಬೇರೆ ಮಾತು.

"ನಾನು ಹಾಕ್ಕೊಳ್ತಿಲ್ಲ ಅಂತ ಯಾವಾಗಿಂದ ಗೊತ್ತಿತ್ತು ನಿಮಗೆ?"

ಕಾರಿಡಾರಿನಲ್ಲಿ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ಸುಳ್ಳು ಹೇಳಬಹುದಿತ್ತು. ಇವತ್ತೇ ನೋಡಿದೆ ಎಂದಿದ್ದರೆ ಮುಗಿಯುತ್ತಿತ್ತು.

"ಮೊದಲನೇ ದಿನದಿಂದ" ಎಂದ.

ಬಾಗಿಲು ತೆರೆಯಿತು. ಅಕ್ಕ ಒಳಗೆ ಬಂದು ಇಬ್ಬರ ಮುಖವನ್ನೂ ನೋಡಿದಳು. ಏನೋ ಆಗಿದೆ ಎಂದು ಅವಳಿಗೆ ತಿಳಿಯಿತು. ಏನು ಮಾತಾಡುತ್ತಿದ್ದಿರಿ ಎಂದು ಕೇಳಿದಳು. ಶಿಸ್ತಪ್ಪ ಹುಡುಗನತ್ತ ನೋಡಿದ. ಈ ಹುಡುಗ ಒಂದು ಮಾತು ಆಡಿದರೆ ಸಾಕು, ಮನೆಯಲ್ಲಿ ತನಗೆ ಗೂಟ ಅಲ್ಲ, ಜಾಗವೇ ಇರುವುದಿಲ್ಲ.

ಹುಡುಗ ಭಾವನ ಮುಖವನ್ನು ನೋಡಿದ, ಅಕ್ಕ ಕುರ್ಚಿಯ ಮೇಲೆ ಬಿಟ್ಟುಹೋಗಿದ್ದ ಜಾಕೆಟ್ಟನ್ನು ನೋಡಿದ.

"ಏನಿಲ್ಲ ಅಕ್ಕ. ಇನ್ನು ಮೇಲೆ ಜಾಕೆಟ್ ಭಾವ ಹಾಕ್ಕೊಳ್ಳಲಿ ಅಂತಿದ್ದೆ. ನನ್ನ ಕೈ ಸರಿಹೋಗೋವರೆಗೂ" ಎಂದ.

ಅವಳ ಕಣ್ಣು ಮತ್ತೆ ತುಂಬಿತು. ತಮ್ಮನ ತಲೆ ಸವರಿ, ನೋಡಿದ್ರಾ ಇವನ ಮನಸ್ಸನ್ನ ಎಂದಳು. ಶಿಸ್ತಪ್ಪ ನೋಡಿದ. ಜಾಕೆಟ್ ಕೊನೆಗೂ ಅವನ ಕೈಗೆ ಬಂದಿತ್ತು. ದೊಡ್ಡ ಮನಸ್ಸು ಮಾತ್ರ ಈ ಸಲವೂ ಭಾಮೈದನ ಪಾಲಿಗೇ ಹೋಯಿತು, ಅದಕ್ಕೂ ಅವನ ಹೊಟ್ಟೆ ಉರಿಯಿತು.