ಮೊದಲು ಮಾತಾಡಿಸುವವರು

ಮೆರಿನ್ ಟಲಕ್ ಥೆರಪಿಸ್ಟ್, ಮನಸ್ಸಿನ ನೋವಿಗೆ ಮಾತಿನ ಆರೈಕೆ ಮಾಡುವವಳು. ಗನೆಟ್ ಪಾಯಿಂಟ್‌ನಂಥ ಪುಟ್ಟ ಬಂದರಿನಲ್ಲಿ ಆ ಕಸುಬು ಮಾಡುವುದೆಂದರೆ ಸುಮ್ಮನೆ ಅಲ್ಲ. ಗುರುವಾರ ಎದುರಿಗೆ ಕೂತು ಬಿಕ್ಕಿ ಬಿಕ್ಕಿ ಅತ್ತವರು ಶುಕ್ರವಾರ ಬೇಕರಿಯ ಸಾಲಿನಲ್ಲಿ ಮುಂದೆಯೇ ನಿಂತಿರುತ್ತಾರೆ. ಅದಕ್ಕೇ ಆ ಕಸುಬಿನವರಲ್ಲಿ ಒಂದು ನೇಮ. ಹೊರಗೆ ಸಿಕ್ಕಾಗ ಥೆರಪಿಸ್ಟ್ ತಾನಾಗಿ ಮಾತಾಡಿಸುವಂತಿಲ್ಲ. ಅವರು ಮೊದಲು ಮಾತಾಡಿಸಿದರೆ ಸರಿ, ಇಲ್ಲದಿದ್ದರೆ ಗುರುತೇ ಇಲ್ಲದವರ ಹಾಗೆ ಹೋಗಿಬಿಡಬೇಕು. ಗುಟ್ಟು ಕಾಯಬೇಕಲ್ಲ! ಮೆರಿನ್ ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡುತ್ತಿದ್ದಳು. ಲಾಯ್ಡ್ ಪಿನರ್‌ಗೆ ಮಾತ್ರ ಹೇಳಿರಲಿಲ್ಲ.

ಹೇಳುವುದಾದರೂ ಹೇಗೆ? ಅವನ ಮೀನು ದೋಣಿ ಬಂಡೆಗೆ ಬಡಿದು ಮಗುಚಿ, ಜೊತೆಗೆ ಹೋಗಿದ್ದ ಊರಿನ ಹುಡುಗ ಬ್ರೇಡನ್ ನೀರುಪಾಲಾಗಿದ್ದ. ಲಾಯ್ಡ್‌ದು ತಪ್ಪಿಲ್ಲ ಅಂತ ವಿಚಾರಣೆಯಲ್ಲಿ ತೀರ್ಮಾನವೇನೋ ಆಯಿತು, ಊರು ಒಪ್ಪಬೇಕಲ್ಲ. ಮೊದಲ ದಿನ ಅವನು ಉಣ್ಣೆ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಕೊನೆಯವರೆಗೂ ಅತ್ತ. ಅಳುವವನ ಮುಂದೆ ನೇಮ ಒಪ್ಪಿಸುವುದುಂಟೆ? ಮುಂದಿನ ವಾರ ಹೇಳಿದರಾಯಿತು ಅಂದುಕೊಂಡಳು. ಮುಂದಿನ ವಾರ ಮರೆತೇಹೋಯಿತು.

ಬರಬರುತ್ತಾ ಲಾಯ್ಡ್ ಕೊಂಚ ಚೇತರಿಸಿಕೊಂಡ. ಆದರೆ ಒಂದೇ ಹಟ: ದೋಣಿ ಮಾರಿ ಊರು ಬಿಡುತ್ತೇನೆ.

"ಯಾರೂ ನನ್ನ ಮುಖ ನೋಡಲ್ಲ. ಇಲ್ಲಿದ್ದು ಏನ್ ಮಾಡ್ಲಿ?"

ಹೋಗಬೇಡಿ ಅಂತ ಮೆರಿನ್ ಹೇಳುವವಳಲ್ಲ. ಬುದ್ಧಿ ಹೇಳುವುದು ಅವಳ ಪದ್ಧತಿಯೇ ಅಲ್ಲ. ಭಯವಿರುವ ಕಡೆಗೇ ಒಂದೊಂದು ಹೆಜ್ಜೆ ಇಡಿಸುವುದು, ಅಷ್ಟೆ.

"ಶನಿವಾರ ಫುಟ್‌ಬಾಲ್ ಮೈದಾನಕ್ಕೆ ಹೋಗ್ತೀರಾ? ಬೇಲಿ ಹತ್ರ ಸ್ವಲ್ಪ ಹೊತ್ತು ನಿಂತ್ಕೊಳ್ಳಿ, ಸಾಕು. ನಿಮ್ಮನ್ನ ಕಂಡು ತಿರುಗಿಕೊಳ್ಳದ ಒಂದು ಮುಖ ಸಿಗುತ್ತಾ ನೋಡಿ. ಒಂದೇ ಒಂದು."

ಅವನು ಹೋದ. ಮೆರಿನ್ ಹೋಗುವವಳಲ್ಲ, ಆದರೆ ಅತ್ತಿಗೆ ಗ್ಲೆಂಡಾ ತನ್ನ ಮಗನ ಆಟ ನೋಡಲು ಬಾ ಬಾ ಅಂತ ಎಳೆದುಕೊಂಡು ಬಂದಿದ್ದಳು. ಇಬ್ಬರ ಕೈಯಲ್ಲೂ ಮಾಂಸ ತುಂಬಿ ಬೇಯಿಸಿದ ಬಿಸಿ ಪೈ. ಗ್ಲೆಂಡಾ ಮೊಣಕೈಯಿಂದ ತಿವಿದಳು.

"ನೋಡೆ ಅಲ್ಲಿ! ಏನ್ ಧೈರ್ಯ ಇವ್ನಿಗೆ, ಆಟ ನೋಡಕ್ಕೆ ಬೇರೆ ಬಂದವ್ನೆ. ಆ ಹುಡುಗನ ಬದಲು ಇವ್ನೇ ಮುಳುಗ್ಬೇಕಿತ್ತು."

ಲಾಯ್ಡ್ ಒಂದೊಂದೇ ಮುಖ ನೋಡುತ್ತಾ ಬರುತ್ತಿದ್ದ. ಅವನಿಗೆ ಮೆರಿನ್ ಕಂಡಳು. ಅವನ ಮುಖ ಅರಳಿತು. ಅವಳು ತಲೆ ತಗ್ಗಿಸಿ, ಆಗಲೇ ಸಾಸ್ ಹಾಕಿದ್ದ ಪೈ ಮೇಲೆ ಮತ್ತೆ ಸಾಸ್ ಹಿಂಡಿದಳು. ತಲೆ ಎತ್ತಿದಾಗ ಅವನಿರಲಿಲ್ಲ.

ಆಮೇಲಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ದೋಣಿ ಕಟ್ಟುವ ಧಕ್ಕೆಯಲ್ಲಿ ಅವನ ದೋಣಿಗೆ 'ಮಾರಾಟಕ್ಕಿದೆ' ಅಂತ ಹಲಗೆ ಬಿತ್ತು.

ನೇಮದಂತೆ ನಡೆದೆ ಅಂತ ಮೆರಿನ್ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಅದು ಗಂಟಲಲ್ಲಿ ಇಳಿಯಲಿಲ್ಲ. ಅಯ್ಯೋ, ಒಂದು ಮುಖ ಹುಡುಕು ಅಂತ ಕಳಿಸಿದವಳೇ ಮುಖ ತಿರುಗಿಸಿದಳಲ್ಲ! ಅದಕ್ಕಿಂತ ಕೆಟ್ಟದ್ದೊಂದಿತ್ತು, ಅದು ಅವಳಿಗೊಬ್ಬಳಿಗೇ ಗೊತ್ತಿತ್ತು. ಫೋನ್ ಮಾಡಿದಳು. ಎತ್ತಲಿಲ್ಲ. "ತಪ್ಪು ನಂದು ಲಾಯ್ಡ್. ಒಂದ್ಸಲ ಬಂದು ಬೈದು ಹೋಗಿ," ಅಂತ ಸಂದೇಶ ಬಿಟ್ಟಳು.

ಬಂದ. ಟೋಪಿ ತೆಗೆಯಲಿಲ್ಲ, ಕೂರಲೂ ಇಲ್ಲ.

"ಅಷ್ಟು ಜನರಲ್ಲಿ ನಿಮ್ಮ ಮುಖ ಕಂಡಾಗ, ಸದ್ಯ, ಸಿಕ್ತಪ್ಪಾ ಅಂದ್ಕೊಂಡೆ. ನೀವು ನೋಡಿದ್ರೆ ಪೈಗೆ ಸಾಸ್ ಹಾಕ್ತಾ ನಿಂತ್ರಿ."

ಅವಳು ನೇಮದ ವಿಷಯ ಹೇಳಿದಳು, ಅದನ್ನು ಅವನಿಗೆ ಹೇಳಲು ಮರೆತದ್ದನ್ನೂ ಹೇಳಿದಳು. ಲಾಯ್ಡ್‌ನ ಭುಜ ಸಡಿಲವಾಯಿತು.

"ಓ, ನಿಮ್ಮಲ್ಲಿ ಹಾಗೊಂದು ಇದ್ಯಾ? ಹಾಗಾದ್ರೆ ನಿಮ್ಮ ತಪ್ಪೇನಿದೆ, ಬಿಡಿ."

ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಅವಳು ಸುಮ್ಮನಾಗಲಿಲ್ಲ.

"ಇಲ್ಲ ಲಾಯ್ಡ್, ಅದು ಅರ್ಧ ಸತ್ಯ. ಪಕ್ಕದಲ್ಲಿ ನಮ್ಮತ್ತಿಗೆ ನಿಮ್ಮನ್ನ ಬೈತಿದ್ಳು. ನನಗೆ ಹೆದರಿಕೆ ಆಯ್ತು. ಆ ನೇಮ ಇಲ್ಲದೇ ಇದ್ದಿದ್ರೂ ಅವತ್ತು ನಾನು ನಿಮ್ಮನ್ನ ಮಾತಾಡಿಸ್ತಿರಲಿಲ್ಲ."

ಲಾಯ್ಡ್ ಕುರ್ಚಿ ಎಳೆದುಕೊಂಡು ಕೂತ.

"ಹೆದರಿದವ್ರನ್ನ ನಾನು ಬೈಯಲ್ಲ. ಸಮುದ್ರದಲ್ಲಿ ನಾನೂ ಹೆದರಿದೀನಿ. ಆದ್ರೆ ತುಂಬಾ ನೋವಾಯ್ತು."

"ಗೊತ್ತು. ನಾನೇ ಮಾಡಿದ್ದು."

"ಈ ಶನಿವಾರ ಬರ್ತೀನಿ. ನೀವೇ ಮೊದಲು ಮಾತಾಡಿಸ್ಬೇಕು. ಗುಟ್ಟು ನಂದು, ನಾನೇ ಹೇಳ್ತಿದೀನಿ. ದೋಣಿ ಮಾತು ಆಮೇಲೆ."

ಶನಿವಾರ ಬೇಲಿಯ ಬಳಿ ಪೈ ಹಿಡಿದು ನಿಂತಿದ್ದ ಮೆರಿನ್‌ಳ ತೋಳನ್ನು ಗ್ಲೆಂಡಾ ಹಿಡಿದಳು. "ಮತ್ತೆ ವಕ್ಕರಿಸ್ದ ನೋಡು! ಆ ಕಡೆ ತಿರುಗ್ಬೇಡ ಕಣೆ."

ಲಾಯ್ಡ್ ಹತ್ತಿರವಾದ. ಈ ಸಲ ಅವನು ಯಾರ ಮುಖವನ್ನೂ ಹುಡುಕುತ್ತಿರಲಿಲ್ಲ, ನೆಲ ನೋಡಿಕೊಂಡೇ ಬರುತ್ತಿದ್ದ. ಇನ್ನೇನು ದಾಟಿಬಿಡುತ್ತಿದ್ದ.

"ಲಾಯ್ಡ್! ಏನ್ ಚಳಿ, ಅಲ್ವಾ?"

ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ನಾಲ್ಕಾರು ಜನ ತಿರುಗಿ ನೋಡಿದರು. ಗ್ಲೆಂಡಾಳ ಕೈ ಅವಳ ತೋಳಿನಿಂದ ಕಳಚಿತು.

"ಚಳಿನೇ," ಅಂದ ಲಾಯ್ಡ್. ಅವನ ಕಣ್ಣು ತುಂಬಿತ್ತು. "ಆದ್ರೂ ನಿಂತ್ಕೋಬಹುದು."

ಗ್ಲೆಂಡಾ ಸಿಡುಕಿಕೊಂಡು ದೂರ ಹೋದಳು. ಅವಳು ಬಿಟ್ಟ ಜಾಗಕ್ಕೆ ಬಂದು ಲಾಯ್ಡ್ ಬೇಲಿಗೆ ಒರಗಿದ. ಅಷ್ಟರಲ್ಲಿ ಯಾರೋ ಗೋಲು ಹೊಡೆದರು; ಊರಿನ ರೂಢಿಯಂತೆ ಮೈದಾನದ ಸುತ್ತ ನಿಂತ ಕಾರುಗಳೆಲ್ಲ ಒಟ್ಟಿಗೇ ಹಾರನ್ ಬಾರಿಸಿದವು. ಅವನೂ ಚಪ್ಪಾಳೆ ತಟ್ಟಿದ.

"ಪೈ ಆರ್ತಾ ಇದೆ, ತಿನ್ನಿ," ಅಂದ.

ಮೆರಿನ್ ಕಚ್ಚಿದಳು. ಚಳಿ ಅಲ್ವಾ ಅಂತ ಕೇಳಬೇಕಿತ್ತು, ಅಷ್ಟೇ. ತಲೆ ತಗ್ಗಿಸಿದ ಅವತ್ತೂ ಅಷ್ಟೇ ಸಾಕಾಗುತ್ತಿತ್ತು.